ಮೆಕ್ಸಿಕೋ ವಿಜಯವೂ ರಮ್ಯ ಕಾದಂಬರಿಕಾರರೂ

ಸ್ಪೇನಿನವರು ಅಮೆರಿಕಾ ಖಂಡವನ್ನು ಗೆದ್ದುಕೊಂಡ ವೃತ್ತಾಂತವನ್ನು ವಸ್ತುವಾಗುಳ್ಳ ಐತಿಹಾಸಿಕ ರಮ್ಯಕಥೆಗಳೆಲ್ಲವೂ ವಿಜೇತರ ಸ್ತುತಿಪಾಠಗಳೆಂದೂ, ಬಾಲಕರ ಮನೋರಂಜನೆಗಿಂತ ಮಿಗಿಲಾದ ಯೋಗ್ಯತೆ ಅವಕ್ಕಿಲ್ಲವೆಂದೂ ಹೇಳಿ ಮುಗಿಸಿಬಿಡುವುದು ವಿಮರ್ಶಕರಲ್ಲಿ ಈಚೆಗೆ ಒಂದು ವಾಡಿಕೆಯಾಗಿದೆ. ಹೀಗೆನ್ನುವವರಲ್ಲಿ ಬಹುಮಂದಿ ಗ್ರಂಥಗಳನ್ನು ಓದಿದವರಲ್ಲವೆಂದೂ, 1947ರಲ್ಲಿ ಟೈರೋನ್ ಪವರ್ ನಾಯಕನಾಗಿ ನಟಿಸಿದ ‘ಕ್ಯಾಪ್ಟನ್ ಫ್ರಂ ಕ್ಯಾಸ್ಟೀಲ್’ ಚಲನಚಿತ್ರವನ್ನು ನೋಡಿ ಮೂಲ ಕಾದಂಬರಿಯ ಮೇಲೆ ತೀರ್ಪು ಕೊಟ್ಟವರೆಂದೂ ನನಗೆ ಬಹುಕಾಲದಿಂದ ಅನುಮಾನ. ಮೆಕ್ಸಿಕೋವನ್ನು ಗೆದ್ದ ಕೋರ್ಟೆಸನ ಸೈನ್ಯ ಅಜ್ಟೆಕರ ರಾಜಧಾನಿಯತ್ತ ಹೆಜ್ಜೆಯಿಡುವಲ್ಲಿಗೆ ಚಿತ್ರ ಮುಗಿಯುವುದು. ಕಾದಂಬರಿಯ ಕಷ್ಟಗಳು ಅಲ್ಲಿಂದ ಮುಂದಿನವು. ಆ ಚಿತ್ರದ ಹಿನ್ನೆಲೆಯಲ್ಲಿ ಕಾಣುವ ಹೊಗೆ ಕೂಡ, 1943ರಲ್ಲಿ ಹುಟ್ಟಿದ ಪಾರಿಕುಟಿನ್ ಜ್ವಾಲಾಮುಖಿಯದೇ ಹೊರತು ಕೋರ್ಟೆಸನು ಕಂಡುದಲ್ಲ.

ಈ ಸಾಹಿತ್ಯದ ಬೇರು ವಿಜಯಕ್ಕಿಂತ ಹಳೆಯದು. 1508ರಲ್ಲಿ ಅಚ್ಚಾದ ‘ಅಮಾದಿಸ್’ ಮೊದಲಾದ ವೀರಕಥೆಗಳನ್ನು ಓದಿದ್ದ ಸೈನಿಕರೇ ಹಡಗು ಹತ್ತಿದವರು. 1519ರಲ್ಲಿ ಸರೋವರದ ನಡುವೆ ಎದ್ದುನಿಂತ ಅಜ್ಟೆಕರ ಟೆನೋಚ್‌ಟಿಟ್ಲಾನ್ ನಗರವನ್ನು ಕಂಡಾಗ ತಮ್ಮವರಿಗೆ ಆ ಕಥೆಯ ಮಾಯಾನಗರಿಗಳ ನೆನಪಾಯಿತೆಂದು ಕೋರ್ಟೆಸನ ಸೈನಿಕ ಬೆರ್ನಾಲ್ ಡಿಯಾಸನು ಬರೆದಿರುವನು. ಇಂಥ ಕಥೆಗಳನ್ನು ಹೊಸ ಖಂಡಕ್ಕೆ ಒಯ್ಯಕೂಡದೆಂದು 1531ರಲ್ಲಿ ರಾಜಾಜ್ಞೆಯೂ ಹೊರಟಿತು. ಅದು ನಡೆದಷ್ಟು ನಡೆಯಿತು. ಬೆರ್ನಾಲನ ಗ್ರಂಥ ಅಚ್ಚಾದುದು 1632ರಲ್ಲಿ. ಆಮೇಲಿನ ಎರಡು ಶತಮಾನಗಳಲ್ಲಿ ಡ್ರೈಡನ್ ಕವಿಯ ನಾಟಕ, ಮಾರ್ಮೊಂಟೆಲನ ‘ಇಂಕಾಗಳು’ ಮೊದಲಾದವು ಬಂದವಾದರೂ, ಅವುಗಳಲ್ಲಿ ಮಾತನಾಡುವವರು ಗರಿ ತೊಟ್ಟ ಯೂರೋಪಿಯನರೇ ಆದುದರಿಂದ ಇಲ್ಲಿ ನಿಲ್ಲಬೇಕಾದ ಅಗತ್ಯವಿಲ್ಲ.

ಕಾದಂಬರಿಯ ನಿಜವಾದ ಆರಂಭ 1826. ಆ ವರ್ಷ ಫಿಲಡೆಲ್ಫಿಯಾ ನಗರದಲ್ಲಿ, ಸ್ಪಾನಿಷ್ ಭಾಷೆಯಲ್ಲಿ, ಕರ್ತೃವಿನ ಹೆಸರಿಲ್ಲದೆ ಹೊರಬಿದ್ದ ‘ಹಿಕೊತೆಂಕಾಲ್’, ಕೋರ್ಟೆಸನೊಡನೆ ಮೈತ್ರಿಯನ್ನು ವಿರೋಧಿಸಿ ಕಡೆಗೆ ಅವನ ಆಜ್ಞೆಯಿಂದಲೇ ನೇಣುಗಂಬವೇರಿದ ಟ್ಲಾಸ್ಕಾಲಾದ ಸೇನಾನಿಯ ಕಥೆ. ಸ್ಪೇನಿನ ಆಳ್ವಿಕೆಯನ್ನು ಕಿತ್ತೊಗೆಯುತ್ತಿದ್ದ ಜನರಿಗಾಗಿ ಬರೆದ ಆ ಗ್ರಂಥದಲ್ಲಿ ಕೋರ್ಟೆಸನೇ ಖಳನು. ವಿಜೇತರ ಸ್ತುತಿಪಾಠವೆನ್ನುವವರು ಈ ಪರಂಪರೆಯ ಮೊದಲನೆಯ ಕಾದಂಬರಿಯನ್ನೇ ತೆರೆದು ನೋಡಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ? ಕ್ಯೂಬಾದಲ್ಲಿ ಹುಟ್ಟಿ ಸ್ಪೇನಿನಲ್ಲಿ ಬಾಳಿದ ಗೆರ್ತ್ರೂದಿಸ್ ಗೋಮೆಸ್ ದೆ ಅವೆಯಾನೆದಾ 1846ರಲ್ಲಿ ಕೊನೆಯ ಅಜ್ಟೆಕ್ ಅರಸನನ್ನು ಕುರಿತು ‘ಗ್ವಾತಿಮೊಸಿನ್’ ಬರೆದಳು. ಆದರೆ ತನ್ನ ಸಮಗ್ರ ಕೃತಿಗಳನ್ನು ತಾನೇ ಸಿದ್ಧಪಡಿಸುವ ಕಾಲಕ್ಕೆ ಆಕೆ ಅದರ ಉಪಸಂಹಾರವೊಂದನ್ನು ಮಾತ್ರ ಉಳಿಸಿಕೊಂಡು ಉಳಿದುದೆಲ್ಲವನ್ನೂ ಬಿಟ್ಟುಬಿಟ್ಟಳು. ಮ್ಯಾಡ್ರಿಡ್ಡಿನ ಪುರಸ್ಕಾರಕ್ಕೆ ಪಾತ್ರಳಾದ ಲೇಖಕಿಗೆ ವಿಜೇತರ ಮೇಲಿನ ಯೌವನದ ಸಿಟ್ಟು ಅಷ್ಟುಹೊತ್ತಿಗೆ ಹೊರೆಯಾಗಿತ್ತೋ ಏನೋ. ಡೊಮಿನಿಕನ್ ಗಣರಾಜ್ಯದ ಗಾಲ್ವಾನನ ‘ಎನ್ರಿಕಿಯೊ’ 1882ರಲ್ಲಿ ಪೂರ್ಣರೂಪದಲ್ಲಿ ಬಂತು. ಬಹೊರುಕೋ ಬೆಟ್ಟಗಳಲ್ಲಿ ವರ್ಷಗಟ್ಟಲೆ ಬಂಡೆದ್ದು ಸಂಧಿಯನ್ನು ದೊರಕಿಸಿಕೊಂಡ ನಾಯಕನ ಕಥೆ ಅದು.

ಇಂಗ್ಲಿಷಿನ ದಾರಿ ಬೇರೆ. 1834ರಲ್ಲಿಯೇ ರಾಬರ್ಟ್ ಬರ್ಡ್ ‘ಕಾಲವಾರ್’ ಬರೆದಿದ್ದನಾದರೂ, ಈ ವಸ್ತುವಿಗೆ ಮನೆಮನೆಯ ಪ್ರಸಿದ್ಧಿ ತಂದುದು, ಹೆಚ್ಚುಕಡಿಮೆ ಕುರುಡನಾಗಿಯೇ ಮೆಕ್ಸಿಕೋವನ್ನೆಂದೂ ಕಾಣದೆ ಪ್ರೆಸ್ಕಾಟನು 1843ರಲ್ಲಿ ಪ್ರಕಟಿಸಿದ ಇತಿಹಾಸ. ಲ್ಯೂ ವಾಲೇಸ್, ಹೆಂಟಿ ಮೊದಲಾದವರು ಅದರ ನೆರಳಿನಲ್ಲಿ ಬೆಳೆದವರು. ಇವರಲ್ಲೆಲ್ಲ ಗಮನಾರ್ಹನು ರೈಡರ್ ಹ್ಯಾಗರ್ಡ್. 1891ರಲ್ಲಿ ಅವನು ಮೆಕ್ಸಿಕೋದಲ್ಲಿದ್ದಾಗ ಅತ್ತ ಇಂಗ್ಲೆಂಡಿನಲ್ಲಿ ಅವನ ಏಕಮಾತ್ರ ಪುತ್ರ ತೀರಿಕೊಂಡನು. ಎರಡು ವರ್ಷಗಳ ತರುವಾಯ ಹೊರಬಂದ ‘ಮಾಂಟೆಜುಮಾನ ಮಗಳು’ ಕಾದಂಬರಿಯಲ್ಲಿ ಮಕ್ಕಳ ಸಾವಿನ ಭಾಗಗಳು ಅವನ ಉಳಿದ ಕಥೆಗಳಲ್ಲಿ ಕಾಣದಷ್ಟು ಭಾರವಾಗಿರುವುದು ಆಕಸ್ಮಿಕವಲ್ಲ. ಇಂಗ್ಲೆಂಡಿನ ಥಾಮಸ್ ವಿಂಗ್‌ಫೀಲ್ಡನನ್ನು ಅಜ್ಟೆಕರು ದೇವರ ಪ್ರತಿರೂಪವೆಂದು ವರ್ಷಕಾಲ ಪೂಜಿಸಿ ಬಲಿಗಲ್ಲಿನ ಮೇಲೆ ಮಲಗಿಸುವರು. ರಾಜಕುಮಾರಿ ಒಟೊಮಿ ತಾನಾಗಿ ಬಂದು ಅವನ ಪಕ್ಕದಲ್ಲಿ ಒರಗುವಳು. ಈ ಒಂದು ಸನ್ನಿವೇಶಕ್ಕಾಗಿ ಹ್ಯಾಗರ್ಡನ ಅನೇಕ ಅಪರಾಧಗಳನ್ನು ಕ್ಷಮಿಸಬಹುದು. ಕ್ಷಮಿಸಲಾಗದುದು ಅಂತ್ಯ: ಒಟೊಮಿ ವಿಷ ಸೇವಿಸುವಳು, ಥಾಮಸನು ತವರಿಗೆ ಮರಳುವನು, ಅಲ್ಲಿ ಹಳೆಯ ಪ್ರೇಯಸಿ ಲಿಲಿ ಇಷ್ಟು ವರ್ಷವೂ ಕಾದುಕುಳಿತಿರುವಳು!

ನಮ್ಮ ಪೀಳಿಗೆಯ ಓದುಗರಿಗೆ ಈ ಪ್ರಕಾರ ಪ್ರೌಢವಾಗಿ ಕಂಡುದು 1939ರಿಂದ 1945ರವರೆಗಿನ ಅಲ್ಪಾವಧಿಯಲ್ಲಿ; ಆ ಅವಧಿಗೆ ತಕ್ಕ ಮನ್ನಣೆ ಇಂದಿಗೂ ದೊರೆತಿಲ್ಲ. ಹಂಗೇರಿಯ ಲಾಸ್ಲೋ ಪಾಶುತ್, ಸ್ಪೇನಿನ ಮಾದಾರಿಯಾಗ, ಅಮೆರಿಕದ ಶೆಲ್ಲಬಾರ್ಜರ್ ಈ ಮೂವರೂ, ಯೂರೋಪು ತನ್ನ ನಗರಗಳನ್ನು ತಾನೇ ಸುಡುತ್ತಿದ್ದ ಕಾಲದಲ್ಲಿ, ಸುಟ್ಟುಹೋದ ಇನ್ನೊಂದು ನಗರದ ಕಥೆಯನ್ನು ಕೈಗೆತ್ತಿಕೊಂಡವರು. ಅಂತರ್ಯುದ್ಧದಿಂದ ದೇಶಭ್ರಷ್ಟನಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮಾದಾರಿಯಾಗ, ಕೋರ್ಟೆಸನ ಜೀವನಚರಿತ್ರೆಯನ್ನು ಮುಗಿಸಿದ ಬೆನ್ನಿಗೇ 1942ರಲ್ಲಿ ‘ಹಸುರುಕಲ್ಲಿನ ಹೃದಯ’ ಪ್ರಕಟಿಸಿದನು. ಒಂದೆಡೆ ಸ್ಪೇನಿನ ಅಲೊನ್ಸೋ ಮಾನ್ರಿಕೆಯ ಬಾಲ್ಯ, ಇನ್ನೊಂದೆಡೆ ಟೆಜ್ಕೋಕೋ ಅರಸು ನೆಜಹ್ವಾಲ್‌ಪಿಲ್ಲಿಯ ಮಗಳು ಶೂಚಿತ್ಲಳ ಬಾಲ್ಯ. ಎರಡೂ ಬಹುದೂರ ಪರಸ್ಪರ ಅರಿವಿಲ್ಲದೆ ಸಾಗುವುವು. 1492ರಲ್ಲಿ ಯಹೂದ್ಯರನ್ನು ಹೊರದೂಡಿದ ದೇಶದಿಂದ ಹೊರಟವನು ದಾಟಿ ಬರುವ ಕಡಲು ನಾಗರಿಕತೆಗೂ ಬರ್ಬರತೆಗೂ ನಡುವಿನ ಗಡಿಯಲ್ಲವೆಂಬುದು ಕಥೆಯ ಆ ರಚನೆಯಿಂದಲೇ ಗೊತ್ತಾಗುವುದು. ಬಯಾರ್ಡನ ಹಾಗೂ ಚೆಸ್ಟರ್‌ಫೀಲ್ಡನ ಚರಿತ್ರೆಗಳನ್ನು ಬರೆದಿದ್ದ ಪ್ರಾಧ್ಯಾಪಕ ಶೆಲ್ಲಬಾರ್ಜರನೂ 1945ರ ತನ್ನ ‘ಕ್ಯಾಪ್ಟನ್ ಫ್ರಂ ಕ್ಯಾಸ್ಟೀಲ್’ ಕಾದಂಬರಿಯನ್ನು ಮೆಕ್ಸಿಕೋದಲ್ಲಿ ಆರಂಭಿಸದೆ ಹಾಎನ್ ಪಟ್ಟಣದಲ್ಲಿ, ಇನ್‌ಕ್ವಿಸಿಷನ್ ಧರ್ಮನ್ಯಾಯಸಭೆಯ ಸೆರೆಮನೆಯಲ್ಲಿ ಪೆದ್ರೋ ದೆ ವಾರ್ಗಾಸನ ಎಳೆಯ ತಂಗಿ ಪ್ರಾಣಬಿಡುವ ಘೋರದಿಂದ, ಮೊದಲು ಮಾಡುವನು. ಅದನ್ನು ಓದಿದ ಮೇಲೆ ಅಜ್ಟೆಕರ ಬಲಿಗಲ್ಲನ್ನು ನೋಡಿ ಮೂಗು ಮುಚ್ಚಿಕೊಳ್ಳುವ ಅಧಿಕಾರ ಯಾವ ಕ್ಯಾಸ್ಟೀಲಿಯನನಿಗೂ ಉಳಿಯುವುದಿಲ್ಲ. ಕತ್ತಿವರಸೆ ಇದೆ, ನಿಜ. ಅದು ಬೇಡವಾದವರು ಬೇರೆ ಪ್ರಕಾರವನ್ನು ಓದಬಹುದು.

ಅನಂತರದ ಬೆಳೆ ವಿಪುಲ, ತೂಕ ಕಡಿಮೆ. 1959ರಲ್ಲಿ ಲಿಯೋನ್-ಪೋರ್ತಿಯಾ ಪರಾಜಿತರ ನಹುವಾ ಬರಹಗಳನ್ನು ಸಂಕಲಿಸಿ ಕೊಟ್ಟ ಮೇಲೆ ಕಾದಂಬರಿಕಾರರಿಗೆ ಹೊಸ ಆಕರ ದೊರೆಯಿತು. ಗ್ಯಾರಿ ಜೆನ್ನಿಂಗ್ಸನು 1980ರ ‘ಅಜ್ಟೆಕ್’ನಲ್ಲಿ ಅದನ್ನು ಧಾರಾಳವಾಗಿ ಬಳಸಿಕೊಂಡನಾದರೂ, ವೃದ್ಧ ಮಿಶ್ಟ್ಲಿ ಪಾದ್ರಿಗಳೆದುರು ಹೇಳಿ ಬರೆಯಿಸುವ ಆತ್ಮಕಥೆಯಲ್ಲಿ ಶೃಂಗಾರವೂ ರಕ್ತವೂ ಅಳತೆ ಮೀರಿ ಹರಿದಿವೆ.

ಪೆರು ದೇಶದ ವೃತ್ತಾಂತಕ್ಕೆ ಸಮಬಲದ ಕಾದಂಬರಿಕಾರ ಸಿಕ್ಕಿಲ್ಲ. ವಾಸರ್‌ಮನ್ನನ ನೀಳ್ಗತೆಯೂ ಶಾಫರನ ನಾಟಕವೂ ಇಂಕಾ ಅರಸ ಅಟಹುವಾಲ್ಪನ ಸೆರೆಮನೆಯ ಆಚೆ ಹೋಗುವುದಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. 1521ರ ಮುತ್ತಿಗೆಗೆಂದು ಟ್ಲಾಸ್ಕಾಲಾದಲ್ಲಿ ಕಡಿದು ಸಿದ್ಧಪಡಿಸಿದ 13 ನೌಕೆಗಳ ಹಲಗೆಗಳನ್ನು ಹೊತ್ತು ಬೆಟ್ಟ ದಾಟಿ ಟೆಜ್ಕೋಕೋಗೆ ತಂದವರು ಸಾವಿರಾರು ಮಂದಿ ಟ್ಲಾಸ್ಕಾಲಾದ ಕೂಲಿಯಾಳುಗಳು. ಅವರ ಹೆಗಲಿಲ್ಲದೆ ಆಗಸ್ಟ್ 13ರಂದು ಟೆನೋಚ್‌ಟಿಟ್ಲಾನ್ ಬೀಳುತ್ತಿರಲಿಲ್ಲ. ನಾನು ಮೇಲೆ ಮೆಚ್ಚಿದ ಗ್ರಂಥಗಳಲ್ಲಿಯೂ ಅವರು ದೃಶ್ಯದ ಅಂಚಿನಲ್ಲಿ ಹಾದುಹೋಗುವರಷ್ಟೆ. ನಾಯಕನ ಕಣ್ಣು ಅವರ ಮೇಲೆ ನಿಲ್ಲದು. ಹೀಗೆ ಕಣ್ತಪ್ಪಿ ಉಳಿದವನು ಇನ್ನೊಬ್ಬನಿದ್ದಾನೆ. ಹ್ಯಾಗರ್ಡನು ಕಲ್ಪಿಸಿಕೊಂಡ ಥಾಮಸನಿಗೆ ಇತಿಹಾಸದಲ್ಲಿ ನಿಜವಾದ ಪ್ರತಿರೂಪವೊಂದಿತ್ತು: 1511ರಲ್ಲಿ ಹಡಗು ಒಡೆದು ಯುಕಟಾನ್ ದಡ ಸೇರಿದ ಗೊನ್ಸಾಲೋ ಗೆರ್ರೆರೋ. ಕೋರ್ಟೆಸನ ಪತ್ರ ಬಂದಾಗ ಜೊತೆಗಾರ ಆಗಿಲಾರ್ ಹೊರಟು ನಿಂತನು. ಗೆರ್ರೆರೋ ಮಾತ್ರ, ಹಚ್ಚೆ ಹೊಯ್ಸಿಕೊಂಡ ತನ್ನ ಮುಖವನ್ನೂ ಚುಚ್ಚಿದ ಕಿವಿಗಳನ್ನೂ ತೋರಿಸಿ, ಮಕ್ಕಳನ್ನು ಮುಂದಿರಿಸಿ, ಬರುವುದಿಲ್ಲವೆಂದನು. ಕರೆಯಲು ಬಂದವನನ್ನು ಅವನ ಮಾಯಾ ಹೆಂಡತಿ ಬೈದಟ್ಟಿದಳೆಂದು ಬೆರ್ನಾಲನು ಬರೆದಿದ್ದಾನೆ. ಮೆಕ್ಸಿಕೋದ ಯೂಜೆನಿಯೋ ಅಗಿರ್ರೆ 1980ರಲ್ಲಿ ಈತನ ಹೆಸರಿನಲ್ಲೇ ಒಂದು ಕಾದಂಬರಿ ಬರೆದನು. ನಾಯಕನನ್ನು ಕಡೆಯ ಅಧ್ಯಾಯದಲ್ಲಿ ತಪ್ಪದೆ ಹಡಗು ಹತ್ತಿಸುತ್ತಿದ್ದ ಇಂಗ್ಲಿಷ್ ಸಾಹಸಕಥೆಗಾರರು ಮಾತ್ರ, ಬೆರ್ನಾಲನ ಗ್ರಂಥವನ್ನು ಅಷ್ಟು ಸೂರೆಮಾಡಿಯೂ, ಈ ಪುಟಗಳನ್ನು ಮುಟ್ಟಲಿಲ್ಲ.