ಸ್ವಿಚ್ಚಿನ ಸುಂಕ: ಕಡಿಮೆ ವೋಲ್ಟೇಜಿನ ಟ್ರಾನ್ಸಿಸ್ಟರ್ ನಡೆದು ಬಂದ ದಾರಿ

ಯಾವ ಸ್ವಿಚ್ಚೂ ವಿದ್ಯುತ್ತನ್ನು ಪುಕ್ಕಟೆಯಾಗಿ ಹಾಯಗೊಡುವುದಿಲ್ಲ. ಒಂದಿಷ್ಟು ವೋಲ್ಟೇಜನ್ನು ಸುಂಕವಾಗಿ ಹಿಡಿದುಕೊಳ್ಳುತ್ತದೆ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಲೆಕ್ಕಕ್ಕಿಲ್ಲ. 3 ವೋಲ್ಟಿನ ಬ್ಯಾಟರಿಯಲ್ಲಿ ಹೋದರೆ ಮೂರರಲ್ಲಿ ಒಂದು ಪಾಲೇ ಹೋದಂತೆ. ಟ್ರಾನ್ಸಿಸ್ಟರ್ ಸ್ವಿಚ್ಚಿನ ಬೆಳವಣಿಗೆಯನ್ನು ಈ ಸುಂಕದ ಲೆಕ್ಕದಲ್ಲೇ ಓದಬಹುದು.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ರೂಪಿಸಿದ ಮೊದಲ ಟ್ರಾನ್ಸಿಸ್ಟರ್ ಜರ್ಮೇನಿಯಂನದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಅರೆವಾಹಕ ತಯಾರಿಕೆಗೆ ಇಳಿದಾಗ ಶುರುಮಾಡಿದ್ದೂ ಜರ್ಮೇನಿಯಂನಿಂದಲೇ. ಆ ಮೊದಲ ಟ್ರಾನ್ಸಿಸ್ಟರಿನ ಬಳಿಕ ಬಂದ ಜರ್ಮೇನಿಯಂ ಸಂಧಿ ಟ್ರಾನ್ಸಿಸ್ಟರುಗಳ ಬೇಸ್‌ಗೆ, ಅಂದರೆ ಆನ್ ಮಾಡುವ ತುದಿಗೆ, 0.2–0.3 ವೋಲ್ಟ್ ಸಾಕಾಗುತ್ತಿತ್ತು. ಆದರೆ ಬಿಸಿಯೇರಿದರೆ ಸೋರಿಕೆ ಹೆಚ್ಚಿ, ಆಫ್ ಇದ್ದಾಗಲೂ ಕರೆಂಟ್ ಹರಿಯುತ್ತಿತ್ತು. 1954ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಾರುಕಟ್ಟೆಗೆ ತಂದ ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಸೋರಿಕೆ ತಗ್ಗಿತು. ಬೇಸ್ ಕೇಳುವ ವೋಲ್ಟೇಜ್ ಮಾತ್ರ 0.7ರ ಆಸುಪಾಸಿಗೆ ಏರಿತು.

ಇಂದಿಗೂ ಟ್ರಾನ್ಸಿಸ್ಟರ್ ಸ್ವಿಚ್ಚಿನ ಪಾಠ ಶುರುವಾಗುವುದು ಆ 0.7ರಿಂದಲೇ. 5 ವೋಲ್ಟಿನ ರಿಲೇ 70 ಮಿಲಿಆಂಪಿಯರ್ ಎಳೆಯುತ್ತದೆ, ಅದನ್ನು 3.3 ವೋಲ್ಟಿನ ಮೈಕ್ರೋಕಂಟ್ರೋಲರ್ ನಡೆಸಬೇಕು ಎನ್ನೋಣ. BC547ರಂಥ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಲು ಕಲೆಕ್ಟರ್ ಕರೆಂಟಿನ (ಇಲ್ಲಿ ರಿಲೇ ಎಳೆಯುವ ಕರೆಂಟಿನ) ಹತ್ತನೇ ಒಂದರಷ್ಟನ್ನು, ಅಂದರೆ 7 ಮಿಲಿಆಂಪಿಯರನ್ನು, ಬೇಸ್‌ಗೆ ಕೊಡುವುದು ರೂಢಿ. 3.3ರಲ್ಲಿ 0.7 ಕಳೆದು 0.007ರಿಂದ ಭಾಗಿಸಿದರೆ ಸುಮಾರು 370 ಓಮ್; ಅಂಗಡಿಯಲ್ಲಿ ಸಿಗುವ 330 ಓಮ್ ಹಾಕಬಹುದು. ಆಗ ಸುಂಕ ಸುಮಾರು 0.2 ವೋಲ್ಟ್. ಆಫ್ ಮಾಡಿದ ಕ್ಷಣದಲ್ಲಿ ರಿಲೇ ಸುರುಳಿ ಎಬ್ಬಿಸುವ ಹೆಚ್ಚಿನ ವೋಲ್ಟೇಜ್ ಟ್ರಾನ್ಸಿಸ್ಟರನ್ನು ಸುಡದಂತೆ, ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಬೇಕೇ ಬೇಕು.

ಹೀಗೆ ಬೇಸ್ ತುಂಬಿಸಿದ್ದಕ್ಕೂ ಬೆಲೆಯಿದೆ: ಒಳಗೆ ಕೂತ ವಿದ್ಯುದಾವೇಶ ಖಾಲಿಯಾಗುವವರೆಗೆ ಸ್ವಿಚ್ ಆಫ್ ಆಗದು. ಕಂಪ್ಯೂಟರುಗಳಿಗೆ ಈ ವಿಳಂಬ ದೊಡ್ಡ ತೊಡಕಾಗಿತ್ತು. 1956ರಲ್ಲಿ ರಿಚರ್ಡ್ ಬೇಕರ್ ಡಯೋಡುಗಳಿಂದ ಇದಕ್ಕೆ ಕಡಿವಾಣ ಹಾಕಿದ. 1960ರ ದಶಕದಲ್ಲಿ ಶಾಟ್ಕಿ ಡಯೋಡ್ ಆ ಕೆಲಸವನ್ನು ಒಂದೇ ತುಂಡಿನೊಳಗೆ ಸೇರಿಸಿತು. ಅಷ್ಟರೊಳಗೆ ಬಂದಿದ್ದ, ಎರಡು ಟ್ರಾನ್ಸಿಸ್ಟರುಗಳನ್ನು ಕೂಡಿಸಿದ ಡಾರ್ಲಿಂಗ್ಟನ್ ಜೋಡಿ ತೀರಾ ಕಡಿಮೆ ಬೇಸ್ ಕರೆಂಟಿನಲ್ಲಿ ದೊಡ್ಡ ಹೊರೆಯನ್ನು ನಡೆಸುತ್ತಿತ್ತು. ಅದರ ಸುಂಕ ಮಾತ್ರ ಒಂದು ವೋಲ್ಟಿನ ಹತ್ತಿರ. 5 ವೋಲ್ಟಿನ ರಿಲೇಗೆ ಉಳಿಯುವುದು ನಾಲ್ಕೇ.

ನಿಜವಾದ ತಿರುವು ಮಾಸ್ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರಿನದು. 1959–60ರ ಹೊತ್ತಿಗೆ ಬೆಲ್ ಪ್ರಯೋಗಾಲಯದ ಅಟಾಲಾ ಮತ್ತು ಕಾಂಗ್ ರೂಪಿಸಿದ ಇದರಲ್ಲಿ ಆನ್ ಮಾಡುವ ತುದಿಯಾದ ಗೇಟ್, ಆನ್ ಇರುವಷ್ಟು ಹೊತ್ತೂ ಕರೆಂಟ್ ಬೇಡುವುದಿಲ್ಲ. 20 ಮಿಲಿಓಮ್ ರೋಧದ ಮಾಸ್ಫೆಟ್‌ನಲ್ಲಿ ಒಂದು ಆಂಪಿಯರ್ ಹರಿದರೆ ಸುಂಕ ಬರೀ 0.02 ವೋಲ್ಟ್. ಆದರೆ ಹಳೆಯ ಪವರ್ ಮಾಸ್ಫೆಟ್‌ಗಳ ಗೇಟ್‌ಗೆ 10 ವೋಲ್ಟ್ ಬೇಕಿತ್ತು. ಆಮೇಲೆ 5 ವೋಲ್ಟಿಗೆ, ಕೊನೆಗೆ 2.5 ಮತ್ತು 1.8 ವೋಲ್ಟಿಗೂ ಆನ್ ಆಗುವ ಬಗೆಗಳು ಬಂದವು. ಇಲ್ಲಿ ಹಲವರು ಮೋಸಹೋಗುವುದು ಡೇಟಾಶೀಟ್‌ನ ಥ್ರೆಶೋಲ್ಡ್ ವೋಲ್ಟೇಜ್ ನೋಡಿ. ಅದು ಕರೆಂಟ್ ಜಿನುಗಲು ಶುರುವಾಗುವ ಮಟ್ಟವಷ್ಟೇ. ನೋಡಬೇಕಾದದ್ದು ನಮ್ಮ ಗೇಟ್ ವೋಲ್ಟೇಜಿನಲ್ಲಿ ರೋಧ ಎಷ್ಟೆಂದು ಕೊಟ್ಟ ಸಾಲನ್ನು.

ಹಾಗೆಂದು ಹಳೆಯದು ಮೂಲೆಗೆ ಸರಿದಿಲ್ಲ. 1.2 ವೋಲ್ಟಿನ ಒಂಟಿ ಸೆಲ್ಲಿನಲ್ಲಿ ಬಹುಪಾಲು ಮಾಸ್ಫೆಟ್‌ಗಳು ಆನ್ ಆಗುವುದೇ ಇಲ್ಲ, ಬೇಸ್‌ಗೆ 0.7 ವೋಲ್ಟ್ ಸಾಕೆನ್ನುವ ಹಳೆಯ ಬಗೆಯ ಸಿಲಿಕಾನ್ ಟ್ರಾನ್ಸಿಸ್ಟರ್ ಅಲ್ಲಿ ಸಲೀಸಾಗಿ ಕೆಲಸ ಮಾಡುತ್ತದೆ. ಹಾದಿಯಲ್ಲಿ ಕಳೆಯುವುದೆಷ್ಟು ಎಂದು ಕೇಳುವ ಮೊದಲು, ಆನ್ ಮಾಡಲು ಕೈಯಲ್ಲಿರುವುದೆಷ್ಟು ಎಂದು ಕೇಳಿಕೊಂಡರೆ ಅರ್ಧ ವಿನ್ಯಾಸ ಮುಗಿದಂತೆ.