ಗ್ರಹಣ ಆಂಟೆನಾದ ಇಂಪೀಡೆನ್ಸ್ ಹೊಂದಿಕೆ ಟ್ರಾನ್ಸ್‌ಫಾರ್ಮರ್

ಹವ್ಯಾಸಿ ರೇಡಿಯೊ ಕೇಂದ್ರಗಳಲ್ಲಿ ಉದ್ದ ತಂತಿಯ ಗ್ರಹಣ ಆಂಟೆನಾವನ್ನು ರಿಸೀವರ್‌ಗೆ ಹೋಗುವ ಕೇಬಲ್‌ಗೆ ಹೊಂದಿಸುವ ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರ್. ಅಂಥ ಆಂಟೆನಾಗಳಲ್ಲಿ ಹೆಸರಾದದ್ದು ಅಮೆರಿಕದ ಹೆರಾಲ್ಡ್ ಬೆವರೇಜ್ 1921ರಲ್ಲಿ ಪೇಟೆಂಟ್ ಪಡೆದ, ನೆಲದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ನೂರಾರು ಮೀಟರ್ ಸಾಗುವ ತಂತಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಸಾಲುಗಟ್ಟಿದ ತೆಂಗಿನ ಮರಗಳೇ ಅದಕ್ಕೆ ಕಂಬವಾಗಬಲ್ಲವು. ಬೆಂಗಳೂರಿನ ತಾರಸಿಯಲ್ಲಿ ಈ ಅನುಕೂಲ ಸಿಗದು.

ತಂತಿಯ ಇಂಪೀಡೆನ್ಸ್ ಸುಮಾರು 450 ಓಮ್, ಕೇಬಲ್‌ನದು 50, ಅನುಪಾತ 9:1. ಸುತ್ತುಗಳ ಅನುಪಾತ ಅದರ ವರ್ಗಮೂಲ, ಅಂದರೆ 3:1. 73ನೇ ಮಿಶ್ರಣದ ಎರಡು ತೂತಿನ ಫೆರೈಟ್‌ಗೆ ಕೇಬಲ್ ಕಡೆ 2, ತಂತಿ ಕಡೆ 6 ಸುತ್ತು ಸಾಕು. ಒಂದು ತೂತಿನಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿದರೆ ಒಂದು ಸುತ್ತು. ಹೊಸಬರು ಎಡವುವುದು ಇಲ್ಲೇ. ಎರಡು ಸುರುಳಿಗಳನ್ನೂ ಬೇರೆಬೇರೆ ಇಟ್ಟು ತಂತಿಗೆ ಪ್ರತ್ಯೇಕ ಅರ್ಥಿಂಗ್ ಕೊಡಬೇಕು. ಆಗ ಪಂಪ್‌ಸೆಟ್, ಎಲ್‌ಇಡಿ ದೀಪಗಳ ಗದ್ದಲ ಕೇಬಲ್‌ನ ಕವಚದ ಮೇಲೆ ಹರಿದು ಆಂಟೆನಾ ಸೇರುವುದು ಬಹುಮಟ್ಟಿಗೆ ತಪ್ಪುತ್ತದೆ.

ಪರೀಕ್ಷೆಗೆ 6 ಸುತ್ತಿನ ತುದಿಗಳಿಗೆ 470 ಓಮ್ ರೆಸಿಸ್ಟರ್ ಬೆಸೆದು, ಇನ್ನೊಂದು ಕಡೆ ಅನಲೈಸರ್ ಜೋಡಿಸಿ, 1.8ರಿಂದ 7 ಮೆಗಾಹರ್ಟ್ಸ್‌ವರೆಗೆ ಹೊಂದಿಕೆಯ ಅಳತೆಯಾದ ಎಸ್‌ಡಬ್ಲ್ಯುಆರ್ 1.5ರೊಳಗಿದೆಯೇ ನೋಡುತ್ತಾರೆ. ನಷ್ಟ ತಿಳಿಯಲು ಒಂದೇ ಬಗೆಯ ಎರಡು ಟ್ರಾನ್ಸ್‌ಫಾರ್ಮರ್‌ಗಳ 450 ಓಮ್ ತುದಿಗಳನ್ನು ಪರಸ್ಪರ ಕೂಡಿಸಿ ಅಳೆದು, ಬಂದದ್ದನ್ನು ಅರ್ಧ ಮಾಡುವುದು ನಂಬಬಹುದಾದ ದಾರಿ. ಪ್ರಸಾರದ ಶಕ್ತಿಯನ್ನು ಈ ಫೆರೈಟ್‌ನ ಮೂಲಕ ಹಾಯಿಸಕೂಡದು.