ಮನೆಯಲ್ಲಿ ತುಳು, ಕಾಗದದಲ್ಲಿ ಕನ್ನಡ: ಮುಂಬೈ ರಾತ್ರಿಶಾಲೆಯ ಕತೆ

ಮಂಗಳೂರು ಕಡೆಯವರು ಕನ್ನಡ ಮಾತಾಡಿದ್ರೆ ಆಫೀಸಲ್ಲಿ ಯಾರಾದ್ರೂ ಒಬ್ರು ಕಾಲೆಳೀತಾರೆ: "ಏನ್ರೀ, ಪುಸ್ತಕ ಓದಿದ ಹಾಗೆ ಮಾತಾಡ್ತೀರಿ!" ಈ ತಮಾಷೆಯ ಹಿಂದೆ ಒಂದು ಇತಿಹಾಸ ಇದೆ. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಈ ಮುಂಬೈಯಲ್ಲೇ.

1959ರಲ್ಲಿ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 'ಡೈಗ್ಲಾಸಿಯಾ' ಎಂಬ ಲೇಖನ ಬರೆದರು. ಒಂದೇ ಭಾಷೆಗೆ ಎರಡು ರೂಪ: ಮನೆಗೆ, ಬೀದಿಗೆ ಒಂದು, ಶಾಲೆಗೆ, ಬರವಣಿಗೆಗೆ ಇನ್ನೊಂದು. ಅರಬ್ಬಿ, ಗ್ರೀಕ್ ಅವರು ಕೊಟ್ಟ ಉದಾಹರಣೆಗಳು. ಕನ್ನಡದಲ್ಲೂ ಇದಕ್ಕೆ ಹತ್ತಿರದ ಸ್ಥಿತಿಯೇ ಇದೆ. ಬರೆಯುವಾಗ 'ಬರುತ್ತೇನೆ'; ಬೆಂಗಳೂರಲ್ಲಿ ಬಾಯಿಗೆ ಬರೋದು 'ಬರ್ತೀನಿ', ಕುಂದಾಪುರದಲ್ಲಿ 'ಬತ್ತೆ'.

ತುಳುವರದು ಇನ್ನೂ ಒಂದು ಹೆಜ್ಜೆ ಆಚೆ. ಮನೆಯಲ್ಲಿ 'ಬರ್ಪೆ' ಅನ್ನೋರು ಬರೆಯೋದು ಬೇರೆ ಭಾಷೆಯಲ್ಲೇ, ಅಂದ್ರೆ ಕನ್ನಡದಲ್ಲಿ. ಅಲ್ಲಿ ಶಾಲೆಯ ಭಾಷೆ ಕನ್ನಡ. ಮೊದಲ ಕನ್ನಡ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹುಟ್ಟಿದ್ದೂ ತುಳುನಾಡಲ್ಲೇ.

ಈಗ ಮುಂಬೈಗೆ ಬನ್ನಿ. ಓದು ಅರ್ಧಕ್ಕೆ ಬಿಟ್ಟು ಬಂದ ಕರಾವಳಿ ಹುಡುಗರು ಹಗಲೆಲ್ಲ ಹೋಟೆಲಲ್ಲಿ ಲೋಟ ತೊಳೀತಿದ್ರು, ಟೇಬಲ್ ಒರೆಸ್ತಿದ್ರು. ಅಂಥವರಿಗಾಗಿ ಹುಟ್ಟಿದ್ದು ಕನ್ನಡ ರಾತ್ರಿಶಾಲೆಗಳು. ಮೊಗವೀರ ಸಮಾಜದವರದೂ ಒಂದು ರಾತ್ರಿಶಾಲೆ ಇತ್ತು. ಅಡುಗೆಮನೆಯಲ್ಲಿ ತುಳು, ಗಿರಾಕಿಗಳ ಹತ್ರ ಹಿಂದಿ-ಮರಾಠಿ, ಊರಿಗೆ ಬರೆಯೋ ಕಾಗದ ಮಾತ್ರ ಕನ್ನಡ. ಮಗ ಕನ್ನಡದಲ್ಲಿ ಬರೆದದ್ದನ್ನು ಓದು ಬಾರದ ತಾಯಿಗೆ ಯಾರಾದ್ರೂ ತುಳುವಿನಲ್ಲಿ ಹೇಳಬೇಕಿತ್ತು.

ನಮಗೆಲ್ಲ ಕನ್ನಡ ಮೊದಲು ಬಾಯಿಗೆ, ಆಮೇಲೆ ಕೈಗೆ ಬಂತು. ಅವರಿಗೆ ಕೈಯಿಂದ ಬಾಯಿಗೆ ಬಂತು. ಪಠ್ಯಪುಸ್ತಕದಿಂದ ಕಲಿತ ಕನ್ನಡ ಪುಸ್ತಕದ ಹಾಗೆ ಕೇಳಿಸಿದ್ರೆ ಆಶ್ಚರ್ಯ ಏನು? ಅದು ದೊಡ್ಡಸ್ತಿಕೆ ಅಲ್ಲ, ದುಡಿದು ಗಳಿಸಿದ ಭಾಷೆ.

ಪವಾಯಿ, ಐರೋಳಿಯ ಫ್ಲ್ಯಾಟುಗಳಲ್ಲಿ ಬೆಳೀತಿರೋ ನಮ್ಮ ಮಕ್ಕಳದು ಇದರ ತಿರುವುಮುರುವು. "ಅಮ್ಮಾ, ಹಸಿವಾಗ್ತಿದೆ" ಅಂತ ಚೆನ್ನಾಗೇ ಹೇಳ್ತವೆ. ರಜೆಗೆ ಊರಿಗೆ ಹೋದ್ರೆ ಬಸ್ಸಿನ ಬೋರ್ಡು ಓದೋಕೆ ಬರಲ್ಲ. ನಾವಾದ್ರೂ ಏನು? ಮನೆಯವರ ವಾಟ್ಸಾಪ್ ಗುಂಪಿನಲ್ಲೂ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ತೀವಿ.

ಮಾತು ಮಡಿಲಲ್ಲೇ ಸಿಗುತ್ತೆ. ಅಕ್ಷರ ಹಾಗಲ್ಲ, ಯಾರಾದ್ರೂ ಕೂತು ಕಲಿಸಬೇಕು. ದಿನವಿಡೀ ದುಡಿದು ಬಂದ ಆ ಹುಡುಗರು ರಾತ್ರಿ ಕೂತು ಕಲಿತ್ರು. ನಮಗೆ ವಾರಕ್ಕೆ ಎರಡು ರಜೆ ಇದೆ. ಈ ಭಾನುವಾರ ಮಗುವಿನ ಕೈಯಲ್ಲಿ ಅಜ್ಜಿಗೆ ನಾಲ್ಕು ಸಾಲು ಬರೆಸಿ. 'ಬರುತ್ತೇನೆ' ಬದಲು 'ಬರ್ತೀನಿ' ಅಂತಲೇ ಬರೆಯಲಿ, ಪರವಾಗಿಲ್ಲ.